ಪಿಯಾನೋ ವಾದಕ ಬೇಬೋ ವಲ್ದೇಸ್

ತಂದೆಯೂ ಮಗನೂ ಒಂದೇ ತಾರೀಖಿನಲ್ಲಿ ಹುಟ್ಟುವುದು ಅಪರೂಪದ ಸಂಗತಿ. ಅಂಥ ತಂದೆಮಕ್ಕಳು ಒಂದೇ ವಾದ್ಯವನ್ನು ಕೈಹಿಡಿದು, ಅದರಲ್ಲಿ ಒಬ್ಬರಿಗೊಬ್ಬರು ಕಡಮೆಯಿಲ್ಲವೆಂಬ ಕೀರ್ತಿಯನ್ನು ಸಂಪಾದಿಸುವುದು ಇನ್ನೂ ಅಪರೂಪ. ಕ್ಯೂಬಾ ದ್ವೀಪದ ಬೇಬೋ ವಲ್ದೇಸನು ೧೯೧೮ನೆಯ ಇಸವಿ ಅಕ್ಟೋಬರ್ ೯ರಂದು ಹುಟ್ಟಿದನು. ಅವನ ಮಗ ಚೂಚೋ ಹುಟ್ಟಿದುದು ೧೯೪೧ನೆಯ ಇಸವಿ ಅಕ್ಟೋಬರ್ ೯ರಂದು. ಆದರೆ ಮಗನಿಗೆ ಹತ್ತೊಂಬತ್ತು ತುಂಬಿ ಮೂರು ವಾರ ಕಳೆಯುವುದರೊಳಗಾಗಿ ತಂದೆಯು ದೇಶವನ್ನೇ ಬಿಟ್ಟು ಹೊರಟನು. ಆಮೇಲೆ ಹದಿನೆಂಟು ವರ್ಷಗಳ ಕಾಲ ಅವರು ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲ. ಬಿಟ್ಟುಹೋದ ನೆಲವನ್ನಂತೂ ತಂದೆಯು ತನ್ನ ತೊಂಬತ್ತನಾಲ್ಕು ವರ್ಷಗಳ ಬಾಳಿನಲ್ಲಿ ಮತ್ತೆಂದೂ ಮೆಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ದೊಡ್ಡ ಸಂಗೀತಗಾರರಲ್ಲಿ ಒಬ್ಬನಾದ ಈತನನ್ನು ಲೋಕವು ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಮರೆತೇಬಿಟ್ಟಿತ್ತೆಂಬುದು ಈ ಕಥೆಯ ಇನ್ನೊಂದು ಭಾಗ.

ಕ್ಯೂಬಾ ದೇಶವು ಅಮೆರಿಕದ ಫ್ಲಾರಿಡಾ ಪ್ರಾಂತ್ಯಕ್ಕೆ ದಕ್ಷಿಣದಲ್ಲಿ, ಸುಮಾರು ತೊಂಬತ್ತು ಮೈಲಿ ದೂರದಲ್ಲಿ, ಕಡಲಿನ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ದ್ವೀಪ. ಕಬ್ಬು, ಹೊಗೆಸೊಪ್ಪು, ಸಂಗೀತ, ಈ ಮೂರಕ್ಕೆ ಅದು ಹೆಸರಾದುದು. ಸ್ಪೇನಿನವರು ಅದನ್ನು ಆಳುತ್ತಿದ್ದ ಕಾಲದಲ್ಲಿ ಕಬ್ಬಿನ ಗದ್ದೆಗಳ ದುಡಿಮೆಗಾಗಿ ಆಫ್ರಿಕಾದಿಂದ ಲಕ್ಷಗಟ್ಟಲೆ ಜನರನ್ನು ಗುಲಾಮರನ್ನಾಗಿ ಹಿಡಿದುತಂದರು. ಗುಲಾಮಗಿರಿಯು ಅಲ್ಲಿ ಪೂರ್ತಿಯಾಗಿ ತೊಲಗಿದುದು ೧೮೮೬ರಲ್ಲಿ. ಬಂದವರ ಕೈಗೆ ಬೇಡಿ ತೊಡಿಸಬಹುದಾಗಿತ್ತು. ಕೈಯಲ್ಲಿದ್ದ ತಾಳವನ್ನು ಕಿತ್ತುಕೊಳ್ಳಲಾಗಲಿಲ್ಲ. ಸ್ಪೇನಿನ ರಾಗ, ಆಫ್ರಿಕಾದ ಲಯ, ಇವೆರಡೂ ಕೂಡಿ ದಾನ್ಸೋನ್, ಸೋನ್, ರುಂಬಾ ಎಂಬ ಹೆಸರುಗಳ ಹೊಸ ಸಂಗೀತವು ದ್ವೀಪದಲ್ಲಿ ಬೆಳೆದುಬಂದಿತು.

ರಾಜಧಾನಿಯಾದ ಹವಾನಕ್ಕೆ ದಕ್ಷಿಣದಲ್ಲಿರುವ ಕಿವಿಕಾನ್ ಎಂಬ ಸಣ್ಣ ಊರಿನಲ್ಲಿ ಬೇಬೋ ಹುಟ್ಟಿದನು. ರಮೋನ್ ಎಮಿಲಿಯೋ ವಲ್ದೇಸ್ ಅಮಾರೋ ಎಂಬುದು ಅವನ ಹೆಸರು. ಬೇಬೋ ಎಂಬುದು ಕರೆಯುವ ಹೆಸರು. ಆಳು ಬಹಳ ಎತ್ತರವಾಗಿದ್ದುದರಿಂದ ಜೊತೆಗಾರರು ಅವನನ್ನು ‘ದೊಡ್ಡ ಕುದುರೆ’ ಎಂಬರ್ಥದ ಸ್ಪ್ಯಾನಿಷ್ ಮಾತಿನಿಂದ ಹಾಸ್ಯಮಾಡಿ ಕರೆಯುತ್ತಿದ್ದರು. ಅಂಗೈಯೂ ಆಳಿಗೆ ತಕ್ಕಂತೆಯೇ ಇದ್ದಿತು. ಪಿಯಾನೋ ವಾದ್ಯದಲ್ಲಿ ಬಿಳಿದು ಕರಿದು ಸೇರಿ ಎಂಬತ್ತೆಂಟು ಮನೆಗಳು. ನಮ್ಮ ಹಾರ್ಮೋನಿಯಂ ನುಡಿಸುವವನು ಒಂದು ಕೈಯನ್ನು ತಿದಿಗೆ ಕೊಟ್ಟು ಒಂದು ಕೈಯಿಂದ ನುಡಿಸಿದರೆ, ಪಿಯಾನೋ ವಾದಕನಿಗೆ ಎರಡು ಕೈಗಳ ಹತ್ತು ಬೆರಳುಗಳಿಗೂ ಪೂರ್ತಿ ಕೆಲಸ. ಅಂಥ ವಾದ್ಯಕ್ಕೆ ಅಗಲವಾದ ಕೈ ದೈವದತ್ತವಾದ ಅನುಕೂಲವೇ ಸರಿ.

ಹವಾನದ ಸಂಗೀತಶಾಲೆಯಲ್ಲಿ ಬೇಬೋ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತನು. ಹೊಟ್ಟೆಪಾಡಿಗಾಗಿ ನೃತ್ಯಶಾಲೆಗಳ ವಾದ್ಯಮೇಳಗಳಲ್ಲಿ ನುಡಿಸುತ್ತಲೂ ಇದ್ದನು. ಹವಾನದ ಬಾನುಲಿ ಅಮೆರಿಕದ ನಿಲಯಗಳನ್ನೂ ಹಿಡಿಯುತ್ತಿದ್ದ ಕಾಲವದು. ನೀಗ್ರೋ ಜನರು ಅಮೆರಿಕದಲ್ಲಿ ಹುಟ್ಟಿಸಿದ ಜಾಜ್ ಸಂಗೀತವು ಕಡಲು ದಾಟಿ ಬಂದು ಈ ತರುಣರ ಕಿವಿಗೆ ಬಿದ್ದಿತು. ಕ್ಯೂಬಾದ ಲಯ, ಜಾಜಿನ ಸ್ವರಸಂಯೋಗ, ಇವೆರಡನ್ನೂ ಕೂಡಿಸಿದರೆ ಹೇಗೆ ಎಂಬ ಆಲೋಚನೆ ಅಂದಿನ ಅನೇಕರಿಗೆ ಬಂದಿತು; ಅದನ್ನು ಕಾಗದದ ಮೇಲೆ ಬರೆದು ಇಪ್ಪತ್ತು ಮಂದಿಯ ಕೈಯಲ್ಲಿ ನುಡಿಸಬಲ್ಲವರು ಕೆಲವರು ಮಾತ್ರ. ಬೇಬೋ ಅವರಲ್ಲೊಬ್ಬ. ೧೯೪೭ರ ಸುಮಾರಿನಲ್ಲಿ ಕೆಲಕಾಲ ನೆರೆಯ ಹೈಟಿ ದೇಶಕ್ಕೂ ಹೋಗಿ ಅಲ್ಲಿನ ಪ್ರಸಿದ್ಧ ವಾದ್ಯಮೇಳವೊಂದರಲ್ಲಿ ದುಡಿದು ಬಂದನು.

೧೯೪೮ರಲ್ಲಿ ಅವನಿಗೆ ಟ್ರೊಪಿಕಾನದಲ್ಲಿ ಕೆಲಸ ದೊರೆಯಿತು. ಹವಾನದ ಹೊರವಲಯದ ಒಂದು ತೋಟದಲ್ಲಿ, ಮರಗಳ ನೆರಳಿನಲ್ಲಿ, ೧೯೩೯ರಲ್ಲಿ ತೆರೆದ ಈ ವಿನೋದಶಾಲೆಯು ಆ ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದಿತು. ಗಾಜು ಕೂರಿಸಿದ ಎತ್ತರವಾದ ಕಮಾನುಗಳ ಕೆಳಗೆ ರಂಗಸ್ಥಳ, ಪಕ್ಕದಲ್ಲಿ ಜೂಜಿನ ಕಟ್ಟೆ, ಎದುರಿಗೆ ಅಮೆರಿಕದಿಂದ ವಿಮಾನದಲ್ಲಿ ಬಂದಿಳಿದ ಹಣವಂತರು. ಜೂಜಿನ ಹಣದ ಮೇಲೆ ನಿಂತ ಸಂಸ್ಥೆಯನ್ನು ಹೊಗಳಲು ನಾವು ಬಯಸುವುದಿಲ್ಲ. ಆದರೂ ಅಲ್ಲಿಯ ವಾದ್ಯಮೇಳವು ದ್ವೀಪದಲ್ಲೇ ಮೇಲ್ತರಗತಿಯದಾಗಿದ್ದಿತೆಂಬುದನ್ನು ಒಪ್ಪಲೇಬೇಕು. ಅರ್ಮಾಂದೋ ರೊಮೇವು ಎಂಬಾತನು ಅದರ ನಾಯಕ. ಬೇಬೋ ಪಿಯಾನೋ ನುಡಿಸುವುದರ ಜೊತೆಗೆ, ರೀತಾ ಮೊಂತಾನೇರ್ ಎಂಬ ಮಹಾಗಾಯಕಿಗೂ ಬಂದುಹೋಗುವ ಇತರ ಗಾಯಕರಿಗೂ ವಾದ್ಯಮೇಳದ ಬರವಣಿಗೆಯನ್ನು ಮಾಡಿಕೊಡುತ್ತಿದ್ದನು. ೧೯೫೭ರವರೆಗೂ ಈ ಕೆಲಸ ನಡೆಯಿತು.

ಈ ಬರವಣಿಗೆಯೆಂದರೇನೆಂದು ಇಲ್ಲಿ ಸ್ವಲ್ಪ ತಿಳಿಸಬೇಕು. ನಮ್ಮ ಸಂಗೀತ ಕಛೇರಿಗಳಲ್ಲಿ ಇದಕ್ಕೆ ಸಮನಾದುದು ಇಲ್ಲ. ಅಲ್ಲಿಯ ದೊಡ್ಡ ಮೇಳದಲ್ಲಿ ತುತ್ತೂರಿಗಳು ನಾಲ್ಕೈದು, ಸ್ಯಾಕ್ಸೋಫೋನುಗಳು ನಾಲ್ಕೈದು, ಟ್ರಾಂಬೋನುಗಳು, ದೊಡ್ಡ ಪಿಟೀಲಿನಂಥ ಡಬಲ್ ಬೇಸ್, ಬಗೆಬಗೆಯ ಚರ್ಮವಾದ್ಯಗಳು. ಇವೆಲ್ಲವೂ ಒಂದೇ ರಾಗವನ್ನು ಒಟ್ಟಿಗೆ ನುಡಿಸುವುದಿಲ್ಲ. ಒಂದೊಂದರ ಕೈಗೂ ಬೇರೆಬೇರೆ ಸ್ವರ. ಆ ಬೇರೆಬೇರೆ ಸ್ವರಗಳು ಕೂಡಿ ಕೇಳುವವನಿಗೆ ಒಂದೇ ಆಗಿ ಕೇಳಿಸಬೇಕು. ಪ್ರತಿಯೊಬ್ಬನೂ ಯಾವ ಕ್ಷಣದಲ್ಲಿ ಏನನ್ನು ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಮುಂಚಿತವಾಗಿ ಮನಸ್ಸಿನಲ್ಲೇ ಕೇಳಿಕೊಂಡು, ಒಬ್ಬೊಬ್ಬನಿಗೊಂದು ಹಾಳೆಯಂತೆ ಬರೆದುಕೊಡುವವನೇ ಈ ಬರವಣಿಗೆಗಾರ. ಅಡಿಗೆಯವನು ಒಳಗೆ ಬೆಂದರೂ ಪಂಕ್ತಿಯಲ್ಲಿ ಹೆಸರು ಬಡಿಸುವವನದಾಗುವಂತೆ, ಚಪ್ಪಾಳೆಯೆಲ್ಲ ಹಾಡಿದವರಿಗೆ. ಬರೆದವನ ಹೆಸರನ್ನು ಕೇಳುವವರಿಲ್ಲ. ಬೇಬೋ ಈ ಕೆಲಸವನ್ನು ಅಷ್ಟು ಚುರುಕಿನಿಂದಲೂ ಅಷ್ಟು ಚೊಕ್ಕವಾಗಿಯೂ ಮಾಡುತ್ತಿದ್ದುದರಿಂದ ಹವಾನದ ಬಾನುಲಿ ನಿಲಯಗಳೂ ಗ್ರಾಮಫೋನ್ ಕಂಪನಿಗಳೂ ಅವನನ್ನು ಹುಡುಕಿಕೊಂಡು ಬರುತ್ತಿದ್ದವು.

ಕ್ಯೂಬಾ ಸಂಗೀತದ ಜೀವಾಳವಿರುವುದು ಲಯದಲ್ಲಿ. ಗಟ್ಟಿಮರದ ಎರಡು ಗಿಡ್ಡ ಕೋಲುಗಳನ್ನು ಒಂದರಮೇಲೊಂದು ತಟ್ಟಿ, ಎರಡು ಆವರ್ತಗಳಲ್ಲಿ ಐದು ಪೆಟ್ಟುಗಳನ್ನು ಹಾಕುವರು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಇದಕ್ಕೆ ಕ್ಲಾವೆ ಎಂದು ಹೆಸರು. ಮೇಳದವರೆಲ್ಲರೂ, ಕೋಲು ಕೇಳಿಸಲಿ ಕೇಳಿಸದಿರಲಿ, ಈ ಐದು ಪೆಟ್ಟುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನುಡಿಸಬೇಕು. ತಾಳ ತಪ್ಪಿದ ಗಾಯಕನನ್ನು ನಮ್ಮ ಸಭೆಗಳಲ್ಲಿ ಹೇಗೆ ನೋಡುವರೋ, ಕ್ಲಾವೆ ತಪ್ಪಿದವನನ್ನು ಅಲ್ಲಿಯೂ ಹಾಗೆಯೇ ನೋಡುವರು. ಪಿಯಾನೋ ವಾದಕನು ಒಂದು ಸಣ್ಣ ಸ್ವರಗುಚ್ಛವನ್ನು ಪೆಟ್ಟುಗಳ ನಡುವಣ ಸಂದುಗಳಲ್ಲಿ ಸೇರಿಸುತ್ತ, ತಿರುತಿರುಗಿ ನುಡಿಸುವನು. ಕೇಳುವುದಕ್ಕೆ ಸುಲಭ, ಎಡಗೈ ಬಲಗೈಗಳನ್ನು ಬೇರೆಬೇರೆ ದಾರಿಯಲ್ಲಿ ನಡೆಸುತ್ತ ಒಂದು ಗಳಿಗೆ ಹೊತ್ತು ಹಿಡಿದಿಡುವುದು ಸುಲಭವಲ್ಲ.

ಆಫ್ರಿಕಾದ ಯೊರೂಬಾ ಜನರು ತಂದ ಬತಾ ಎಂಬ ಪವಿತ್ರವಾದ ಮದ್ದಲೆಯೊಂದುಂಟು. ನಮ್ಮ ಮೃದಂಗದಂತೆ ಇದಕ್ಕೂ ಎರಡು ಮುಖ, ಒಂದು ದೊಡ್ಡದು ಒಂದು ಚಿಕ್ಕದು. ಇದನ್ನೂ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಎರಡು ಕೈಗಳಿಂದಲೂ ನುಡಿಸುವರು. ಮೂರು ಅಳತೆಯ ಮೂರು ಬತಾಗಳು ಸೇರಿ ಒಂದು ಮೇಳ. ಅವುಗಳಲ್ಲಿ ದೊಡ್ಡದಕ್ಕೆ ‘ಇಯಾ’, ಎಂದರೆ ತಾಯಿ, ಎಂದು ಹೆಸರು. ದೇವತಾರಾಧನೆಗೆ ಮೀಸಲಾಗಿದ್ದ ಈ ವಾದ್ಯವನ್ನು ೧೯೫೨ರಲ್ಲಿ ಬೇಬೋ ತನ್ನ ನೃತ್ಯಮೇಳಕ್ಕೆ ತಂದು, ಬತಾಂಗಾ ಎಂಬ ಹೊಸ ಲಯವನ್ನು ಕಟ್ಟಿದನು. ಇಪ್ಪತ್ತು ಜನರ ಮೇಳ. ಹಾಡಿದವನು ಕ್ಯೂಬಾದ ಜನ ಇಂದಿಗೂ ತಲೆಯ ಮೇಲೆ ಹೊತ್ತುಕೊಂಡಿರುವ ಬೆನ್ನಿ ಮೊರೇ. ಬಾನುಲಿಯಲ್ಲಿ ಅದ್ಧೂರಿಯಿಂದ ಆರಂಭವಾದ ಈ ಪ್ರಯೋಗ ಬಹುಕಾಲ ನಿಲ್ಲಲಿಲ್ಲ. ಅದೇ ದ್ವೀಪದ ಇನ್ನೊಬ್ಬ ಪಿಯಾನೋ ವಾದಕ ಪೇರೆಸ್ ಪ್ರಾದೋ ಮೆಕ್ಸಿಕೋ ದೇಶದಲ್ಲಿ ನೆಲೆಸಿ ಹರಡಿದ ಮಾಂಬೋ ಎಂಬ ನೃತ್ಯಲಯವು ಆಗ ಲೋಕವನ್ನೆಲ್ಲ ಕುಣಿಸುತ್ತಿದ್ದಿತು. ಬತಾಂಗಾ ಅದರ ನೆರಳಿನಲ್ಲಿ ಕಮರಿತು. ಮಾಂಬೋವಿಗಿಂತ ಇದು ಕೀಳೆಂದಲ್ಲ; ಜನರ ಕಾಲಿಗೆ ಮಾಂಬೋ ಸುಲಭವಾಗಿ ಹತ್ತಿತು, ಅಷ್ಟೆ.

ಅದೇ ವರ್ಷ ಅಮೆರಿಕದ ಧ್ವನಿಮುದ್ರಕ ನಾರ್ಮನ್ ಗ್ರಾಂಟ್ಸ್ ಎಂಬಾತನಿಗಾಗಿ ಬೇಬೋ ಹವಾನದಲ್ಲಿ ಕೆಲವು ವಾದಕರನ್ನು ಕೂಡಿಸಿ, ಮುಂಚೆ ಏನನ್ನೂ ಬರೆದುಕೊಳ್ಳದೆ, ಆ ಕ್ಷಣದಲ್ಲಿ ತೋರಿದಂತೆ ನುಡಿಸಿ ಮುದ್ರಿಸಿದನು. ನಮ್ಮ ವಿದ್ವಾಂಸರು ಮನೋಧರ್ಮವೆನ್ನುವುದನ್ನು ಅಲ್ಲಿಯವರು ದೆಸ್ಕಾರ್ಗ ಎನ್ನುವರು. ಹೊರೆಯನ್ನು ಇಳಿಸುವುದೆಂದು ಮಾತಿನ ಅರ್ಥ. ಕ್ಯೂಬಾದಲ್ಲಿ ಹೀಗೆ ಮುದ್ರಿತವಾದ ಮೊತ್ತಮೊದಲನೆಯ ಕೂಟ ಇದೇ ಎಂದು ಬಲ್ಲವರು ಎಣಿಸುವರು. ಬಳಿಕ ೧೯೫೭ರಲ್ಲಿ ಬೇಬೋ ‘ಸಾಬೋರ್ ದೆ ಕೂಬಾ’, ಎಂದರೆ ಕ್ಯೂಬಾದ ರುಚಿ, ಎಂಬ ತನ್ನದೇ ಆದ ಮೇಳವನ್ನು ಕಟ್ಟಿದನು.

ಮನೆಯಲ್ಲಿಯೂ ಸಂಗೀತವೇ. ಮಕ್ಕಳ ತಾಯಿಯಾದ ಪಿಲಾರಳಿಗೂ ಪಿಯಾನೋ ಬರುತ್ತಿದ್ದಿತು. ಚೂಚೋ ಇನ್ನೂ ಮೂರು ನಾಲ್ಕು ವರ್ಷದ ಮಗುವಾಗಿದ್ದಾಗ ನಡೆದುದೆಂದು ಒಂದು ಸಂಗತಿಯನ್ನು ಹೇಳುವರು. ಕೆಲಸಕ್ಕೆಂದು ಹೊರಟ ತಂದೆಯು ಏನನ್ನೋ ಮರೆತು ಹಿಂದಿರುಗಿದಾಗ ಒಳಗೆ ಪಿಯಾನೋ ನುಡಿಯುತ್ತಿದ್ದಿತು. ಯಾರೆಂದು ಇಣಿಕಿ ನೋಡಿದರೆ ಮಣೆಯ ಮೇಲೆ ಮಗು! ಅಂದಿನಿಂದ ಪಾಠ ಆರಂಭವಾಯಿತು. ೧೯೫೯ರ ಹೊತ್ತಿಗೆ, ಹದಿನೆಂಟನ್ನು ತಲಪುತ್ತಿದ್ದ ಮಗನು ತಂದೆಯ ಮೇಳದಲ್ಲೇ ಪಿಯಾನೋ ಮುಂದೆ ಕುಳಿತಿದ್ದನು.

ಆ ವರ್ಷದ ಜನವರಿ ೧ರಂದು ಸರ್ವಾಧಿಕಾರಿ ಬತಿಸ್ತಾ ದೇಶವನ್ನು ಬಿಟ್ಟು ಓಡಿಹೋಗಿ, ಫಿಡೆಲ್ ಕ್ಯಾಸ್ಟ್ರೋವಿನ ಕ್ರಾಂತಿಪಕ್ಷದವರು ಅಧಿಕಾರಕ್ಕೆ ಬಂದರು. ಜೂಜಿನ ಕಟ್ಟೆಗಳು ಮುಚ್ಚಿದವು. ಹೊರನಾಡಿನ ಪ್ರವಾಸಿಗಳು ಬರುವುದು ನಿಂತಿತು. ಹೊಸ ಆಡಳಿತಕ್ಕೆ ಕಲಾವಿದರೂ ನಿಷ್ಠೆಯನ್ನು ತೋರಬೇಕೆಂಬ ಒತ್ತಾಯ ಬಂದಿತು. ಬೇಬೋ ಇದಕ್ಕೆ ಒಗ್ಗಲಿಲ್ಲ. ೧೯೬೦ನೆಯ ಅಕ್ಟೋಬರ್ ೨೬ರಂದು ಗಾಯಕ ರೊಲಾಂದೋ ಲಾ ಸೇರಿಯೆಯ ಸಂಗಡ ಮೆಕ್ಸಿಕೋವಿಗೆ ಹೊರಟುಹೋದನು. ಪಿಲಾರಳೂ ಮಕ್ಕಳೂ ಹವಾನದಲ್ಲೇ ಉಳಿದರು.

ಸಂಸಾರವನ್ನು ಹಿಂದೆ ಬಿಟ್ಟು ಹೋದ ಈ ಕಾರ್ಯವನ್ನು ಗೃಹಸ್ಥರಾದ ವಾಚಕರು ಸುಲಭವಾಗಿ ಮನ್ನಿಸಲಾರರು. ನಾವೂ ಅದನ್ನು ಸಮರ್ಥಿಸಲು ಹೊರಟಿಲ್ಲ. ಮನಸ್ಸಿಗೆ ಒಪ್ಪದ ಆಡಳಿತದಲ್ಲಿ ತಲೆ ಬಾಗಿಸಿಕೊಂಡಿರುವುದು ಒಂದು ಕಷ್ಟ, ಬಿಟ್ಟುಹೋಗುವುದು ಇನ್ನೊಂದು ಕಷ್ಟ. ಎರಡನೆಯದರಲ್ಲಿ ನೋವಿನ ಪಾಲು ಹೋದವನಿಗಿಂತ ಉಳಿದವರಿಗೇ ಹೆಚ್ಚು ಬಂದಿತೆಂಬುದಂತೂ ನಿಜ. ದೇಶವನ್ನು ತೊರೆದವರ ಹೆಸರು ಕ್ಯೂಬಾದ ಬಾನುಲಿಯಲ್ಲಿ ಕೇಳಿಬರುತ್ತಿರಲಿಲ್ಲ. ತಂದೆಯ ಆಸರೆ ತಪ್ಪಿದ ಮನೆಯಲ್ಲಿ ಹತ್ತೊಂಬತ್ತರ ಚೂಚೋವಿಗೆ ತಂದೆಯಿಂದ ದಕ್ಕಿದ ಆಸ್ತಿಯೆಂದರೆ ಅವನು ಕಲಿಸಿದ ವಿದ್ಯೆಯೊಂದೇ.

ಮೆಕ್ಸಿಕೋ, ಸ್ಪೇನ್ ಎಂದು ಅಲೆದು, ಲೆಕುವೋನಾ ಕ್ಯೂಬನ್ ಬಾಯ್ಸ್ ಎಂಬ ಹಳೆಯ ಹೆಸರುವಾಸಿಯಾದ ಮೇಳದೊಡನೆ ಬೇಬೋ ಯೂರೋಪನ್ನು ಸಂಚರಿಸಿದನು. ೧೯೬೩ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಮೇಳವು ನುಡಿಸುತ್ತಿದ್ದಾಗ, ಇಪ್ಪತ್ತು ಕೂಡ ತುಂಬದ ಸ್ವೀಡಿಷ್ ತರುಣಿಯೊಬ್ಬಳ ಪರಿಚಯವಾಯಿತು. ಇವನಿಗೆ ಆಗ ನಲವತ್ತನಾಲ್ಕು. ಬಣ್ಣ, ಭಾಷೆ, ವಯಸ್ಸು ಒಂದೂ ಹೊಂದದ ಈ ಜೋಡಿಯನ್ನು ಕಂಡು ಹುಬ್ಬೇರಿಸಿದವರು ಎಷ್ಟು ಮಂದಿಯೋ. ಅದೇ ವರ್ಷ ಮದುವೆಯಾಯಿತು. ಆ ದಾಂಪತ್ಯ ಸುಮಾರು ಅರ್ಧ ಶತಮಾನ, ಅವಳು ತೀರಿಕೊಳ್ಳುವವರೆಗೂ, ಬಾಳಿತು. ಮೇಳದವರು ಮುಂದಿನ ಊರಿಗೆ ಹೋದರು. ಬೇಬೋ ಸ್ಟಾಕ್‌ಹೋಮಿನಲ್ಲೇ ನಿಂತನು.

ಚಳಿಗಾಲದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾಗುವ ಆ ಊರಿನಲ್ಲಿ, ಹೋಟೆಲುಗಳ ಭೋಜನಶಾಲೆಗಳಲ್ಲಿ, ಉಣ್ಣುವವರ ಮಾತಿಗೂ ತಟ್ಟೆಚಮಚಗಳ ಸದ್ದಿಗೂ ಹಿನ್ನೆಲೆಯಾಗಿ ಅವನು ಪಿಯಾನೋ ನುಡಿಸಿದನು. ಒಂದೆರಡು ವರ್ಷವಲ್ಲ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು. ಇಪ್ಪತ್ತು ಮಂದಿಯ ಮೇಳವನ್ನು ಕೈಬೆರಳ ಸನ್ನೆಯಿಂದ ನಡೆಸಿದ್ದವನು ಬೇಡಿದವರಿಗೆ ಬೇಡಿದ ಹಾಡನ್ನು ನುಡಿಸಿ ಸಂಬಳ ತೆಗೆದುಕೊಂಡನು. ಅವನು ಅಲ್ಲಿ ಹುಟ್ಟಿದ ಮಕ್ಕಳನ್ನು ಓದಿಸಿದನು. ಯಾರ ಮುಂದೆಯೂ ಹಳೆಯ ವೈಭವವನ್ನು ಹೇಳಿಕೊಂಡು ಅಳಲಿಲ್ಲ. ಇದನ್ನು ಅಜ್ಞಾತವಾಸವೆಂದು ಕೆಲವರು ಬರೆದಿದ್ದಾರೆ. ಮೊದಲ ಸಂಸಾರವನ್ನು ಬಿಟ್ಟುಬಂದವನು ಎರಡನೆಯದನ್ನು ಬಿಡಲೊಲ್ಲದೆ, ದೊಡ್ಡ ಊರುಗಳ ದೊಡ್ಡ ಅವಕಾಶಗಳನ್ನು ತಾನಾಗಿಯೇ ಕೈಬಿಟ್ಟನೆಂದು ನಮಗೆ ತೋರುತ್ತದೆ.

ಇತ್ತ ಹವಾನದಲ್ಲಿ ಚೂಚೋ ಬೆಳೆದನು. ಜಾಜ್ ಎಂದರೆ ಶತ್ರುದೇಶದ ಸಂಗೀತವೆಂದು ಅಧಿಕಾರಿಗಳು ಮುಖ ಸಿಂಡರಿಸುತ್ತಿದ್ದ ದಿನಗಳಲ್ಲಿ ಅದನ್ನು ನುಡಿಸುವುದೇ ಒಂದು ಉಪಾಯದ ಕೆಲಸವಾಗಿದ್ದಿತು. ೧೯೭೩ರಲ್ಲಿ ಅವನು ಇರಾಕೆರೆ ಎಂಬ ಮೇಳವನ್ನು ಕಟ್ಟಿದನು. ಯೊರೂಬಾ ಭಾಷೆಯ ಈ ಮಾತಿಗೆ ದಟ್ಟವಾದ ಕಾಡು ಎಂದರ್ಥ. ಅದರಲ್ಲಿ ಜಾಜ್ ಉಂಟು, ಕುಣಿತದ ಲಯವುಂಟು, ಎಲ್ಲಕ್ಕೂ ನಡುವೆ ಬತಾ ಮದ್ದಲೆಯುಂಟು. ತಂದೆಯ ಬತಾಂಗಾ ಬಾಡಿ ಇಪ್ಪತ್ತು ವರ್ಷಗಳಾದ ಮೇಲೆ ಮಗನ ಮೇಳದಲ್ಲಿ ಅದೇ ವಾದ್ಯ ಮೊಳಗಿತು. ಈ ಸಲ ಲೋಕ ಕಿವಿಗೊಟ್ಟಿತು.

೧೯೭೮ರಲ್ಲಿ ಇರಾಕೆರೆ ಮೇಳಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಎಂಬ ಪ್ರಸಿದ್ಧ ಸಭಾಮಂದಿರದಲ್ಲಿ ನುಡಿಸುವ ಅವಕಾಶ ಬಂದಿತು. ಕ್ಯೂಬಾಕ್ಕೂ ಅಮೆರಿಕಕ್ಕೂ ಸಂಬಂಧ ಸರಿಯಿಲ್ಲದಿದ್ದ ಕಾಲದಲ್ಲಿ ಇದೊಂದು ವಿಶೇಷ. ತಂದೆಮಕ್ಕಳು ಸಂಧಿಸಿದುದು ಅಲ್ಲಿ. ಬಿಟ್ಟು ಬಂದಾಗ ಮೀಸೆ ಚಿಗುರುತ್ತಿದ್ದ ಹುಡುಗ ಈಗ ಮೂವತ್ತಾರರ ಗೃಹಸ್ಥ, ದೊಡ್ಡ ಮೇಳದ ನಾಯಕ. ತಂದೆಗೆ ಅರುವತ್ತು ಸಮೀಪಿಸಿದ್ದಿತು. ಮರುವರ್ಷಗಳಲ್ಲಿ ಇರಾಕೆರೆಗೆ ಅಮೆರಿಕದ ಗ್ರಾಮಿ ಬಹುಮಾನವೂ ದೊರೆಯಿತು. ಮಗನು ಹವಾನಕ್ಕೆ ಮರಳಿದನು. ತಂದೆಯು ಸ್ಟಾಕ್‌ಹೋಮಿನ ಹೋಟೆಲಿಗೆ ಮರಳಿದನು. ಅವನ ಹೆಸರು ಬೆಳಕಿಗೆ ಬರುವುದಕ್ಕೆ ಇನ್ನೂ ಹದಿನಾರು ವರ್ಷ ಕಾಯಬೇಕಾಗಿದ್ದಿತು.

೧೯೯೪ರಲ್ಲಿ ಟೆಲಿಫೋನು ಬಂದಿತು. ಮಾಡಿದವನು ಪಾಕಿತೋ ದ ರಿವೇರಾ, ಚೂಚೋವಿನ ಮೇಳದಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದು ೧೯೮೦ರಲ್ಲಿ ತಾನೂ ಕ್ಯೂಬಾವನ್ನು ಬಿಟ್ಟುಬಂದವನು. ಜರ್ಮನಿಯಲ್ಲಿ ಒಂದು ಧ್ವನಿಮುದ್ರಣ ಮಾಡಬೇಕು, ಬರುವೆಯಾ ಎಂದು ಕೇಳಿದನು. ಎಪ್ಪತ್ತಾರು ವರ್ಷದ ಮುದುಕನು ತೀರ ಕಡಮೆ ಅವಧಿಯಲ್ಲಿ ಹೊಸ ಕೃತಿಗಳನ್ನು ರಚಿಸಿ, ಪ್ರತಿಯೊಂದು ವಾದ್ಯಕ್ಕೂ ಹಾಳೆಗಳನ್ನು ಬರೆದು, ಮೇಳದ ಮುಂದಿಟ್ಟನು. ಟ್ರೊಪಿಕಾನದ ಕೈಚಳಕ ಎಲ್ಲಿಯೂ ಹೋಗಿರಲಿಲ್ಲ! ‘ಬೇಬೋ ಮತ್ತೆ ಸವಾರಿ ಹೊರಟ’ ಎಂಬರ್ಥದ ಹೆಸರಿನಿಂದ ಅದು ಪ್ರಕಟವಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕೀರ್ತಿಯ ಕಥೆ. ಸ್ಪೇನಿನ ಚಿತ್ರನಿರ್ದೇಶಕ ಫೆರ್ನಾಂದೋ ತ್ರುಯೇಬಾ ೨೦೦೦ದಲ್ಲಿ ತೆಗೆದ ‘ಕಾಯೆ ೫೪’ ಎಂಬ ಸಂಗೀತಚಿತ್ರದಲ್ಲಿ ಬೇಬೋವಿಗೂ ಚೂಚೋವಿಗೂ ಎರಡು ಪಿಯಾನೋಗಳನ್ನು ಎದುರುಬದುರಾಗಿಟ್ಟು ನುಡಿಸಿದನು. ಅವರು ನುಡಿಸಿದುದು ಎರ್ನೆಸ್ತೋ ಲೆಕುವೋನಾ ಎಂಬ ಕ್ಯೂಬಾದ ಹಿರಿಯ ವಾಗ್ಗೇಯಕಾರನ ‘ಲಾ ಕೊಂಪಾರ್ಸಾ’, ದೂರದಿಂದ ಬಂದು ಹತ್ತಿರವಾಗಿ ಮತ್ತೆ ದೂರ ಸರಿಯುವ ಉತ್ಸವದ ಮೆರವಣಿಗೆಯನ್ನು ನೆನಪಿಗೆ ತರುವ ಕೃತಿ. ಮಗನು ವೇಗದಲ್ಲಿ ಬಲಶಾಲಿ, ಬೆರಳಿಗೆ ಮಿಂಚಿನ ಓಟ. ತಂದೆಯದು ಮಿತವಾದ ಮಾತು, ಒಂದು ಸ್ವರ ಸಾಕಾದಲ್ಲಿ ಎರಡನ್ನು ಹಾಕನು. ಇವರಿಬ್ಬರಲ್ಲಿ ಯಾರು ಮೇಲೆಂದು ಕೇಳಿದರೆ, ನಮ್ಮ ಮನಸ್ಸು ಮುದುಕನ ಕಡೆಗೇ ವಾಲುತ್ತದೆ.

ಬೇಬೋವಿಗಿಂತ ಒಂದು ತಿಂಗಳೂ ಹಿರಿಯನಲ್ಲದ ಡಬಲ್ ಬೇಸ್ ವಾದಕ ಕಚಾವೋವಿನೊಡನೆ ಮುದ್ರಿಸಿದುದಕ್ಕೆ ೨೦೦೨ರಲ್ಲಿ ಗ್ರಾಮಿ ಬಂದಿತು. ೨೦೦೩ರಲ್ಲಿ ಸ್ಪೇನಿನ ಜಿಪ್ಸಿ ಕುಲದ ಗಾಯಕ ದಿಯೇಗೋ ಎಲ್ ಸಿಗಾಲನ ಒಡನೆ ಹೊರತಂದ ‘ಲಾಗ್ರಿಮಾಸ್ ನೇಗ್ರಾಸ್’, ಎಂದರೆ ಕಪ್ಪು ಕಣ್ಣೀರು, ಸ್ಪೇನಿನ ಮನೆಮನೆಯನ್ನೂ ಹೊಕ್ಕಿತು. ಎಂಬತ್ತೈದರ ಹತ್ತಿರದ ಆ ವಯಸ್ಸಿನಲ್ಲಿ ಬೇಬೋ ಹವಾನದಲ್ಲೂ ಕಂಡಿರದಷ್ಟು ದೊಡ್ಡ ಸಭೆಗಳನ್ನು ಕಂಡನು. ೨೦೧೦ರಲ್ಲಿ ತ್ರುಯೇಬಾ ಮತ್ತು ಹಾವಿಯೇರ್ ಮರಿಸ್ಕಾಲ್ ತಯಾರಿಸಿದ ‘ಚೀಕೋ ಮತ್ತು ರೀತಾ’ ಎಂಬ ಬಣ್ಣದ ರೇಖಾಚಿತ್ರಗಳ ಚಲಚ್ಚಿತ್ರಕ್ಕೆ ಸಂಗೀತ ಅವನದೇ. ಹವಾನದ ಪಿಯಾನೋ ವಾದಕನೊಬ್ಬನ ಕಥೆಯಾದ ಅದನ್ನು ಅವನಿಗೇ ಅರ್ಪಿಸಿದರು.

೨೦೦೭ರಲ್ಲಿ ಬೇಬೋ ದಂಪತಿಗಳು ಸ್ಪೇನಿನ ದಕ್ಷಿಣತೀರದ ಬೆನಲ್ಮಾದೆನಾ ಎಂಬ ಊರಿಗೆ ಬಂದು ನೆಲೆಸಿದರು. ಚೂಚೋ ಕೂಡ ಅಲ್ಲಿಗೆ ಬಂದುಹೋಗುತ್ತಿದ್ದನು. ತಂದೆಮಕ್ಕಳು ಸೇರಿ ‘ಹುಂತೋಸ್ ಪಾರಾ ಸಿಯೆಂಪ್ರೆ’ ಎಂಬ ಮುದ್ರಣವನ್ನು ಮಾಡಿದರು. ಎಂದೆಂದಿಗೂ ಜೊತೆಯಲ್ಲಿ ಎಂಬುದು ಅದರ ಅರ್ಥ. ಬೇರೆ ವಾದ್ಯವೇ ಇಲ್ಲ, ಎರಡು ಪಿಯಾನೋಗಳು ಮಾತ್ರ. ಅದಕ್ಕೆ ೨೦೧೦ರಲ್ಲಿ ಗ್ರಾಮಿ ದೊರೆಯಿತು.

ಅಷ್ಟು ಹೊತ್ತಿಗೆ ಮುಪ್ಪಿನ ಮರೆವಿನ ರೋಗವು ಬೇಬೋವನ್ನು ಹಿಡಿದಿದ್ದಿತು. ಕ್ಯೂಬಾದ ಆಡಳಿತ ಬದಲಾಗುವವರೆಗೂ ಕಾಲಿಡುವುದಿಲ್ಲವೆಂಬ ಹಟವನ್ನು ಅವನು ಬಿಟ್ಟಿರಲಿಲ್ಲ; ಕಿವಿಕಾನನ್ನು ಮತ್ತೆ ನೋಡಲೂ ಇಲ್ಲ. ಮಡದಿಯು ಮುಂಚೆಯೇ ತೀರಿಕೊಂಡಳು. ೨೦೧೩ನೆಯ ಇಸವಿ ಮಾರ್ಚ್ ೨೨ರಂದು ಸ್ಟಾಕ್‌ಹೋಮಿನಲ್ಲಿ ಬೇಬೋ ಮೃತನಾದನು.

ಅದೇ ವರ್ಷ ಚೂಚೋವಿನ ಹೊಸ ಧ್ವನಿಮುದ್ರಣವೊಂದು ಹೊರಬಂದಿತು. ಅದರಲ್ಲಿರುವ ಕೃತಿಗಳಲ್ಲಿ ಒಂದರ ಹೆಸರು ‘ಕರಿದಾದ್ ಅಮಾರೋ’, ಅದು ಬೇಬೋವಿನ ತಾಯಿಯ ಹೆಸರು. ಮತ್ತೊಂದು ‘ಬೇಬೋ’. ಇನ್ನೂ ಒಂದು ‘ಪಿಲಾರ್’.